ಪೊಲೀಸರು ಬಿಟ್ಟರೂ ನಿಷೇಧ ಪಟ್ಟಿಯಲ್ಲಿ ಹೆಸರು

ಲೆಸ್ಟರ್‌ನ ಓದುಗ ಮಿತ್ರರಿಗೆ ನಮಸ್ಕಾರ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ಉಡುಪಿ ಕಡೆಯಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮ್‌ನಲ್ಲಿ ಕೆಲಸಕ್ಕಿದ್ದ ನಿಮ್ಮ ಅಕ್ಕ, ಅಜ್ಜಿಯೊಬ್ಬರ ತೋಳು ಹಿಡಿದೆಳೆದು ಗಾಯ ಮಾಡಿದರೆಂದು ದೂರು ಬಂತು. ಪೊಲೀಸರು ವಿಚಾರಿಸಿ ಕೇಸು ಹಾಕದೆ ಬಿಟ್ಟರು. ಗಲಾಟೆ ಅಲ್ಲಿಗೆ ಮುಗಿಯಲೆಂದು ಅಕ್ಕ ರಾಜೀನಾಮೆ ಕೊಟ್ಟರು. ಆಮೇಲೆ, ಇಂಥ ಕೆಲಸಗಳಿಗೆ ಬರುವವರ ಹಿನ್ನೆಲೆ ನೋಡುವ ಸರಕಾರಿ ಸಂಸ್ಥೆಯಾದ ಡಿಬಿಎಸ್‌ನಿಂದ ಬಂದ ನೋಟಿಸಿಗೆ ಹೆದರಿ ಉತ್ತರ ಬರೆಯಲಿಲ್ಲ. ಹೋದ ತಿಂಗಳು, ಆರೈಕೆ ಬೇಕಾದ ವಯಸ್ಕರನ್ನು ನೋಡಿಕೊಳ್ಳುವ ಕೆಲಸ ಮಾಡಕೂಡದವರ ಪಟ್ಟಿಗೆ, ಅಂದರೆ ವಯಸ್ಕರ ನಿಷೇಧ ಪಟ್ಟಿಗೆ, ಹೆಸರು ಸೇರಿತೆಂಬ ಪತ್ರ ಬಂದಿದೆ. "ಪೊಲೀಸರೇ ಬಿಟ್ಟ ಮೇಲೆ ಶಿಕ್ಷೆ ಕೊಡಲು ಇವರ್ಯಾರು?" ಎಂದು ಕೇಳಿದ್ದೀರಿ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಈ ಪ್ರಶ್ನೆಯೊಂದನ್ನೇ ನಂಬಿ ಮೇಲ್ಮನವಿಗೆ ಹೋದರೆ ಸೋಲು ಖಂಡಿತ. ಅಲ್ಲಿನ ಕಾನೂನು ಇದನ್ನು ಶಿಕ್ಷೆ ಎಂದು ನೋಡುವುದಿಲ್ಲ. 2002ರಲ್ಲಿ ಇಂಗ್ಲೆಂಡಿನ ಸೋಹಮ್‌ನಲ್ಲಿ ಶಾಲೆಯ ಕೇರ್‌ಟೇಕರ್ ಒಬ್ಬ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದ. ಅವನ ಮೇಲೆ ಹಿಂದೆಯೂ ದೂರುಗಳಿದ್ದವು, ಅವನನ್ನು ಕೆಲಸಕ್ಕೆ ತೆಗೆದುಕೊಂಡವರಿಗೆ ಅವು ತಲುಪಿರಲಿಲ್ಲ. ಈ ಪಟ್ಟಿಗೆ ಆಧಾರವಾದ 2006ರ ಕಾಯ್ದೆ ಹುಟ್ಟಿದ್ದು ಆ ನೋವಿನಿಂದ. ಹಾಗಾಗಿ ಕೋರ್ಟಿನಲ್ಲಿ ಅಪರಾಧ ಸಾಬೀತಾಗಲೇಬೇಕೆಂದಿಲ್ಲ, ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಡಿಬಿಎಸ್‌ಗೆ ಸಾಕು. ಕೆಲಸ ಬಿಟ್ಟುಹೋದವರ ಬಗ್ಗೆಯೂ ಮಾಲೀಕರು ವರದಿ ಕಳಿಸಲೇಬೇಕು. ಮಾತು ಬಾರದ ಅಜ್ಜಿಯ ಪರವಾಗಿ ಯೋಚಿಸಿದರೆ ಇದು ಸರಿಯೆಂದೇ ನನ್ನ ಅಭಿಪ್ರಾಯ.

ಸರಿಯಾದ ಕಾನೂನಿನಡಿಯೂ ತಪ್ಪು ತೀರ್ಮಾನ ಆಗುತ್ತದೆ. ಮಗನನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಅಂಗಡಿಗೆ ಹೋದದ್ದಕ್ಕೆ ಪೊಲೀಸರಿಂದ ಎಚ್ಚರಿಕೆ ಪಡೆದ ನರ್ಸ್ ಒಬ್ಬರ ಹೆಸರು, ಅವರ ಮಾತು ಕೇಳುವ ಮೊದಲೇ ಪಟ್ಟಿಗೆ ಸೇರಿಹೋಗಿತ್ತು. ನರ್ಸುಗಳ ಸಂಘಟನೆಯಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಹೈಕೋರ್ಟಿಗೆ ಹೋಯಿತು. ಹೀಗೆ ಕೇಳದೆಯೇ ನಿಷೇಧಿಸುವುದು ನ್ಯಾಯವಲ್ಲವೆಂದು 2010ರಲ್ಲಿ ತೀರ್ಪು ಬಂತು. ಈಗ ಮೊದಲು ನೋಟಿಸ್ ಕಳಿಸಿ ಎಂಟು ವಾರ ಸಮಯ ಕೊಡುವುದು ವಾಡಿಕೆ. ಅಕ್ಕ ಕೈಬಿಟ್ಟದ್ದು ಆ ಅವಕಾಶವನ್ನು. ತಡವಾಗಿ ಅಹವಾಲು ಸಲ್ಲಿಸಲು ಡಿಬಿಎಸ್‌ನ ಅನುಮತಿ ಈಗಲೂ ಕೇಳಬಹುದು, ಆದರೆ ಅದನ್ನೇ ಕಾಯುತ್ತ ಕೂರಬೇಡಿ.

ಮೇಲ್ಮನವಿ, ಇಂಥ ತೀರ್ಮಾನಗಳ ಮೇಲಿನ ದೂರು ಕೇಳುವ ನ್ಯಾಯಮಂಡಳಿಯಾದ ಅಪ್ಪರ್ ಟ್ರಿಬ್ಯೂನಲ್‌ಗೆ ಹೋಗುತ್ತದೆ. ತೀರ್ಮಾನದ ಪತ್ರ ಕಳಿಸಿದ ದಿನದಿಂದ ಮೂರು ತಿಂಗಳ ಗಡುವು. ಶುಲ್ಕವಿಲ್ಲ. ಮೊದಲು ಟ್ರಿಬ್ಯೂನಲ್‌ನ ಅನುಮತಿ ಸಿಗಬೇಕು. "ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಕ್ರಮವೇ" ಎಂಬ ವಾದ ಅಲ್ಲಿ ಹೆಚ್ಚು ನಡೆಯುವುದಿಲ್ಲ. ಕಾನೂನಿನಲ್ಲಿ ಅಥವಾ ವಾಸ್ತವಾಂಶದಲ್ಲಿ ತಪ್ಪಾಗಿದೆ ಎಂದು ತೋರಿಸಬೇಕು. ನಿಮ್ಮ ಅಕ್ಕನ ಬಲವಿರುವುದು ಎರಡನೆಯದರಲ್ಲಿ. ಅಜ್ಜಿ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆಂದು ಬರೆದಿದ್ದೀರಿ. ರಕ್ತ ತೆಳುವಾಗಿಸುವ ಮಾತ್ರೆ ಅದು, ಹಾಯ್ಸ್ಟ್‌ನಲ್ಲಿ ಎತ್ತಿ ಕೂರಿಸುವಾಗ ಆ ಎತ್ತುವ ಯಂತ್ರದ ಬೆಲ್ಟ್ ಒತ್ತಿದರೂ ಚರ್ಮ ನೀಲಿಗಟ್ಟಬಹುದು. ಗಾಯ ಎಲ್ಲಿದೆಯೆಂದು ದೇಹದ ಚಿತ್ರದ ಮೇಲೆ ಗುರುತಿಸಿದ ಬಾಡಿ ಮ್ಯಾಪ್‌ನ ತಾರೀಖು ಯಾವುದು, ಅದಕ್ಕೂ ಹಿಂದಿನ ದಿನಗಳ ಕೇರ್ ನೋಟ್ಸ್‌ನಲ್ಲಿ ಏನಿದೆ, ಆ ರಾತ್ರಿ ರೋಟಾದಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಇನ್ನೊಬ್ಬರು ಯಾರಿದ್ದರು? ಡಿಬಿಎಸ್ ಆಧಾರವಾಗಿಟ್ಟುಕೊಂಡ ಕಾಗದಗಳನ್ನು ತರಿಸಿ, ಸಾಲು ಸಾಲಾಗಿ ಓದಿ.

ಅಕ್ಕನೇ ಟ್ರಿಬ್ಯೂನಲ್ ಮುಂದೆ ಕೂತು ಬಾಯಿಬಿಟ್ಟು ಹೇಳಲಿ. ಡಿಬಿಎಸ್ ಸಾಮಾನ್ಯವಾಗಿ ಕಾಗದ ನೋಡಿಯೇ ತೀರ್ಮಾನಿಸುತ್ತದೆ. ಟ್ರಿಬ್ಯೂನಲ್ ಎದುರಿಗೆ ಕೂತವರ ಮಾತು ಕೇಳಿ, "ನಾನು ಹಾಗೆ ಮಾಡಿಲ್ಲ" ಎಂಬುದನ್ನು ನಂಬಿ, ಡಿಬಿಎಸ್ ಎಡವಿದೆ ಎನ್ನಬಹುದು. ಆ ಅಧಿಕಾರ ಅದಕ್ಕಿದೆಯೆಂದು ಕೋರ್ಟ್ ಆಫ್ ಅಪೀಲ್ 2024ರಲ್ಲಿ ಸ್ಪಷ್ಟಪಡಿಸಿದೆ. ಊರಲ್ಲಿ ಯಾರಿಗೂ ತಿಳಿಯಬಾರದೆಂಬ ಮುಜುಗರಕ್ಕೆ ಈ ಅವಕಾಶವನ್ನೂ ಬಿಟ್ಟುಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಯೂನಿಯನ್ ಸದಸ್ಯತ್ವ ಇದ್ದರೆ ಇವತ್ತೇ ಫೋನ್ ಮಾಡಿ. ಆದಾಯ ಕಡಿಮೆಯಿದ್ದರೆ ಸರಕಾರಿ ಕಾನೂನು ನೆರವನ್ನೂ ಕೇಳಿ. ವೀಸಾ ಬೇರೆಯೇ ಚಿಂತೆ, ಅದಕ್ಕೆ ವಲಸೆ ಕಾನೂನು ಬಲ್ಲ ವಕೀಲರೇ ಬೇಕು.

ಮೇಲ್ಮನವಿ ನಡೆಯುವಷ್ಟು ಕಾಲವೂ ಹೆಸರು ಪಟ್ಟಿಯಲ್ಲೇ ಇರುತ್ತದೆ. ಪರಿಚಯದವರು ಯಾರಾದರೂ "ನಮ್ಮ ಅಜ್ಜನಿಗೆ ಸ್ನಾನ ಮಾಡಿಸಿ ಹೋಗಿ, ಸಂಬಳ ಕೊಡುತ್ತೇವೆ" ಎಂದು ಕರೆದರೆ ಅಕ್ಕ ಒಪ್ಪಿಕೊಳ್ಳಬಾರದು. ಅದು ಐದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ.

— ಸಂಪಾದಕ