ಮೋಟರ್‌ಹೋಮ್‌ಗೆ ಚಾಸಿ: ಮೊದ್ಲು ತೂಕದ ಲೆಕ್ಕ ಆಗ್ಲಿ

ಪ್ರಶ್ನೆ: ಸರ್, ನಾವು ಗಂಡ ಹೆಂಡ್ತಿ, ಇಬ್ರು ಮಕ್ಕಳು. ಚಿಕ್ಕದೊಂದು ಮೋಟರ್‌ಹೋಮ್ ಕಟ್ಟಿಸ್ಬೇಕು ಅಂತ ಆಸೆ. ನೋಡಿರೋ ಚಾಸಿಯ ಜಿವಿಡಬ್ಲ್ಯೂ 3,500 ಕೆಜಿ, ಕ್ಯಾಬಿನ್ ಸೇರಿ ಖಾಲಿ ತೂಕ 1,900 ಕೆಜಿ. ಉಳಿದ 1,600 ಕೆಜಿ ಧಾರಾಳ ಆಯ್ತು ಅಂತಾರೆ ಬಾಡಿ ಕಟ್ಟೋರು. ಹೌದಾ? ಹಿಂಭಾಗ ಉದ್ದ ಮಾಡಿ ಮಂಚ ಹಾಕಿ, ಅದರ ಕೆಳಗೆ 150 ಲೀಟರ್ ನೀರಿನ ಟ್ಯಾಂಕ್ ಇಡೋ ಪ್ಲಾನ್ ಇದೆ.

ಉತ್ತರ: ಧಾರಾಳ ಅಲ್ಲ, ಸಾಕಾಗೋದೂ ಕಷ್ಟ. ಜಿವಿಡಬ್ಲ್ಯೂ ಅಂದ್ರೆ ಗಾಡಿ, ಬಾಡಿ, ಜನ, ನೀರು, ಸಾಮಾನು ಎಲ್ಲಾ ಸೇರಿ ದಾಟಬಾರದ ತೂಕ. ಅಂದಾಜು ಹಾಕಿ ನೋಡಿ. ಇನ್ಸುಲೇಷನ್, ಕಿಟಕಿ, ಬಾಗಿಲು ಸೇರಿ ಬಾಡಿಗೆ 600 ಕೆಜಿ, ಮಂಚ ಕಪಾಟು ಸೀಟು 300, ಫ್ರಿಜ್ ಒಲೆ ಟಾಯ್ಲೆಟ್ ಪೈಪು ಎಲ್ಲಾ 150, ನೀರು 150 (ಲೀಟರ್‌ಗೆ ಒಂದು ಕೆಜಿ, ಇದ್ರಲ್ಲಿ ರಿಯಾಯ್ತಿ ಇಲ್ಲ), ಬ್ಯಾಟರಿ ಸೋಲಾರ್ ಇನ್ವರ್ಟರ್ 100, ಗ್ಯಾಸ್ 30, ನೀವು ನಾಲ್ಕು ಜನ 240, ಬಟ್ಟೆ ಪಾತ್ರೆ ದಿನಸಿ 150. ಒಟ್ಟು 1,720 ಆಯ್ತು, ಗಾಡಿ ಇನ್ನೂ ಮನೆ ಬಿಟ್ಟಿಲ್ಲ ಆಗ್ಲೇ 120 ಕೆಜಿ ಜಾಸ್ತಿ. ಆ 1,900ರಲ್ಲಿ ಡ್ರೈವರ್, ಫುಲ್ ಟ್ಯಾಂಕ್ ಡೀಸೆಲ್ ಸೇರಿದ್ಯಾ ಅಂತಾನೂ ಕೇಳಿ, ಕೆಲವು ಕಂಪನಿ ಸೇರಿಸಿ ಹೇಳ್ತಾರೆ, ಕೆಲವರು ಇಲ್ಲ.

ಇದಕ್ಕಿಂತ ದೊಡ್ಡ ಚಿಂತೆ ನಿಮ್ಮ ಹಿಂದಿನ ಆಕ್ಸಲ್‌ದು, ಅಂದ್ರೆ ಹಿಂದಿನ ಚಕ್ರಗಳನ್ನ ಹೊತ್ತಿರೋ ಅಚ್ಚಿನದು. ಒಟ್ಟು ತೂಕ ಸರಿಯಾಗಿದ್ರೂ ಹಿಂದಿನ ಆಕ್ಸಲ್ ಓವರ್‌ಲೋಡ್ ಆಗಿರಬಹುದು, ಚಿಕ್ಕ ಮೋಟರ್‌ಹೋಮ್‌ಗಳಲ್ಲಿ ಮೊದ್ಲು ಎಡವೋದೇ ಇಲ್ಲಿ. ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ) 3.5 ಮೀಟರ್ ಇದ್ದು, ಆ 150 ಕೆಜಿ ನೀರು ಹಿಂದಿನ ಆಕ್ಸಲ್‌ನಿಂದ 1.4 ಮೀಟರ್ ಹಿಂದಕ್ಕೆ ಕೂತ್ರೆ, ಆ ಆಕ್ಸಲ್ ಮೇಲೆ ಬೀಳೋದು 150 ಅಲ್ಲ, 210 ಕೆಜಿ, ಯಾಕಂದ್ರೆ ಏತದ ತರ ಮುಂಭಾಗ ಮೇಲಕ್ಕೆ ಎತ್ತುತ್ತೆ, ಮುಂದಿನ ಚಕ್ರದ ಮೇಲೆ 60 ಕೆಜಿ ಕಮ್ಮಿ ಆಗುತ್ತೆ. ಸ್ಟಿಯರಿಂಗ್ ಹಗುರ, ಒದ್ದೆ ರಸ್ತೇಲಿ ಹಿಡಿತ ಕಮ್ಮಿ, ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿ ಇದು, ದಯವಿಟ್ಟು ಟ್ಯಾಂಕನ್ನ ಎರಡು ಆಕ್ಸಲ್ ನಡುವೆ ತನ್ನಿ, ಆದಷ್ಟು ಕೆಳಗೆ.

ಟೈರ್ ಕೂಡ ನೋಡಿ. ಪಕ್ಕದಲ್ಲಿ 112 ಅಂತ ಲೋಡ್ ಇಂಡೆಕ್ಸ್ ಇದ್ರೆ ಒಂದು ಟೈರ್ 1,120 ಕೆಜಿ ಹೊರುತ್ತೆ, ಎರಡಕ್ಕೆ 2,240, ಆಕ್ಸಲ್ ಪ್ಲೇಟಲ್ಲಿ (ಆಕ್ಸಲ್‌ನ ತೂಕದ ಮಿತಿ ಬರೆದಿರೋ ಫಲಕ) 2,400 ಅಂತ ಇದ್ರೂ ನಿಮ್ಮ ಮಿತಿ 2,240ನೇ.

ನನ್ನ ಸಲಹೆ, ಜಿವಿಡಬ್ಲ್ಯೂ ಒಂದು ಮೆಟ್ಟಿಲು ಜಾಸ್ತಿ ಇರೋ, ಹಿಂದೆ ಜೋಡಿ ಚಕ್ರ ಇರೋ ಚಾಸಿ ತಗೊಳ್ಳಿ, ನಿಮ್ಮ ಲೈಸೆನ್ಸಿಗೆ ಆ ತೂಕ ನಡೆಯುತ್ತಾ ಅಂತ ಮೊದ್ಲೇ ವಿಚಾರಿಸಿ, ಜೋಡಿ ಚಕ್ರದ ಆಕ್ಸಲ್ ತಾನೇ ಭಾರ ಇರೋದ್ರಿಂದ ಖಾಲಿ ತೂಕನೂ ಮತ್ತೆ ಹಾಕಿ ನೋಡಿ. ಇದೇ ಚಾಸಿ ಬೇಕು ಅಂದ್ರೆ ತೂಕ ಇಳಿಸ್ಲೇಬೇಕು. 8×4 ಅಡಿಯ 18 ಎಂಎಂ ಪ್ಲೈವುಡ್ ಶೀಟ್ ಸುಮಾರು 35 ಕೆಜಿ, 12 ಎಂಎಂದು ಸುಮಾರು 23, ಹತ್ತು ಶೀಟಲ್ಲಿ 120 ಕೆಜಿ ಅಲ್ಲೇ ಉಳೀತು. ಹಾಗೆ ಮಾಡಿದ್ರೂ ಲೆಕ್ಕ ಮಿತಿಗೆ ಸರಿ ಮುಟ್ಟುತ್ತೆ ಅಷ್ಟೇ, ಬಿಡುವು ಒಂದು ಕೆಜಿನೂ ಇಲ್ಲ.

ಪ್ರಶ್ನೆ: ಹಿಂದೆ ಏರ್ ಸಸ್ಪೆನ್ಷನ್ ಬಲೂನ್ ಹಾಕಿಸಿದ್ರೆ ಕೆಪಾಸಿಟಿ ಜಾಸ್ತಿ ಆಗುತ್ತಲ್ವಾ?

ಉತ್ತರ: ಅಷ್ಟರಿಂದಲೇ ಆಗಲ್ಲ. ಕುಸಿದ ಹಿಂಭಾಗ ಮೇಲೆ ಬರುತ್ತೆ, ಓಲಾಟ ಕಮ್ಮಿ ಆಗುತ್ತೆ. ಬ್ರೇಕು, ಬೇರಿಂಗು, ಟೈರು, ಫ್ರೇಮು ಎಲ್ಲಾ ಹಳೇವೇ ಇರುತ್ತೆ, ಇಳಿಜಾರಲ್ಲಿ ಬಿಸಿಯಾಗೋದು ಅದೇ ಬ್ರೇಕು. ಗಾಡಿ ನೇರ ನಿಂತಿದೆ ಅಂತ ನೋಡಿ ಸಮಾಧಾನ ಪಡಬೇಡಿ, ನೀರು ಡೀಸೆಲ್ ತುಂಬಿ, ಎಲ್ಲರೂ ಕೂತು ವೇ ಬ್ರಿಡ್ಜ್ ಮೇಲೆ ಮೊದ್ಲು ಮುಂದಿನ ಚಕ್ರ ಮಾತ್ರ, ಆಮೇಲೆ ಪೂರ್ತಿ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ ಅಂತ ಮೂರು ಸಲ ತೂಗಿಸಿ, ಮೂರು ಚೀಟಿನೂ ಆಕ್ಸಲ್ ಪ್ಲೇಟಿನ ಪಕ್ಕ ಇಟ್ಟು ನೋಡಿ.