ಮಧ್ಯಾಹ್ನದ ಮೇಲೆ ದೋಣಿ ಹತ್ತಬೇಡಿ

ಹೋದ ಸಂಚಿಕೆಯಲ್ಲಿ ಗ್ವಾಟೆಮಾಲಾ ದೇಶದ ಆತಿತ್ಲಾನ್ ಸರೋವರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಗಳು ಅಲ್ಲಿ ಕೆಲಸದಲ್ಲಿದ್ದಾಗ ನಾನೂ ನಮ್ಮ ಯಜಮಾನರೂ ಹೋಗಿ ಇದ್ದು ಬಂದ ಜಾಗ. ಮೂರು ಜ್ವಾಲಾಮುಖಿ ಬೆಟ್ಟ, ಕೆಳಗೆ ನೀರು, ದಡದ ಸುತ್ತ ಮಾಯಾ ಜನರ ಊರುಗಳು. ಅಷ್ಟಕ್ಕೇ ಇಷ್ಟು ಪತ್ರ! ನೀರಿನ ವಿಷಯ ಅಂದರೆ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ.

ಪ್ರ: ಆ ಸರೋವರದಿಂದ ಹೊರಗೆ ಹರಿಯುವ ನದಿಯೇ ಇಲ್ಲ ಎಂದು ಬರೆದಿದ್ದೀರಿ. ಮಳೆಗಾಲದಲ್ಲಿ ತುಂಬಿದರೆ ಗತಿ ಏನು? ಕನ್ನಂಬಾಡಿಗಾದರೆ ಗೇಟ್ ಇದೆ.
— ಓದುಗರು, ಮಂಡ್ಯ

ಉ: ಪೇಪರಿನಲ್ಲಿ ಕನ್ನಂಬಾಡಿ ತುಂಬಿ ‘124.80 ಅಡಿ’ ಆಯಿತೆಂದು ಕಂಡ ಮೇಲೇ ಮನಸ್ಸಿಗೆ ಸಮಾಧಾನವಾಗುವ ಊರಿನವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಭೂಗೋಳ ಪಾಠ ಹೇಳಿ ನಿವೃತ್ತಳಾದವಳು ನಾನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸುಮಾರು 80 ಸಾವಿರ ವರ್ಷಗಳ ಹಿಂದೆ ಅಲ್ಲೊಂದು ಭಾರೀ ಸ್ಫೋಟವಾಯಿತು. ನೆಲದೊಳಗಿನ ಶಿಲಾಪಾಕ ಹೊರಚೆಲ್ಲಿತು, ಆಸರೆ ತಪ್ಪಿದ ಮೇಲಿನ ನೆಲ ಕುಸಿದು ದೊಡ್ಡ ಕುಳಿಯಾಯಿತು. ಆ ಕುಳಿಯಲ್ಲಿ ನಿಂತ ನೀರೇ ಆತಿತ್ಲಾನ್. ಸಮುದ್ರಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದಲ್ಲಿದೆ. ಆಳ ಸುಮಾರು 340 ಮೀಟರ್, ಅಂದರೆ 1,100 ಅಡಿಗೂ ಜಾಸ್ತಿ. ನಿಮ್ಮ 124.80ನ್ನು ಪಕ್ಕದಲ್ಲಿಟ್ಟು ನೋಡಿ. ದಕ್ಷಿಣದ ಸ್ಯಾನ್ ಪೆದ್ರೊ, ತೊಲಿಮಾನ್, ಆತಿತ್ಲಾನ್ ಬೆಟ್ಟಗಳು ಆಮೇಲೆ ಎದ್ದವು.

ಒಳಕ್ಕೆ ಬಂದ ನೀರು ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ನೆಲದೊಳಗೆ ಇಂಗುತ್ತದೆ. ಇಂಗುವುದಕ್ಕೆ ಲೆಕ್ಕ ಇಡುವ ಇಂಜಿನಿಯರ್ ಇಲ್ಲ. 1976ರ ಭೂಕಂಪ ಆದ ಮೇಲೆ ಮಟ್ಟ ಇಳಿಯಿತು. 2010ರಲ್ಲಿ ಅಗಾಥಾ ಬಿರುಗಾಳಿ ಮಳೆ ಸುರಿದ ಮೇಲೆ ಏರಿತು, ದಡದ ಕಟ್ಟಡಗಳು ಮುಳುಗಿದವು. ಹಾಗೆ ಮುಳುಗಿದ ಒಂದು ಮನೆಯ ಪಕ್ಕದಲ್ಲೇ ನಮ್ಮ ದೋಣಿ ಹೋಯಿತು. ಕಿಟಕಿಯ ಅರ್ಧದವರೆಗೆ ನೀರು, ಸರಳುಗಳಿಗೆ ಪಾಚಿ, ತಾರಸಿಯ ಮೇಲೆ ಕಬ್ಬಿಣದ ಕಂಬಿಗಳು ಹಾಗೇ ಎದ್ದು ನಿಂತಿದ್ದವು. ಇನ್ನೊಂದು ಮಹಡಿ ಏರಿಸುವ ಆಸೆ ಇತ್ತೆಂದು ಕಾಣುತ್ತದೆ. ಸ್ಯಾನ್ ಪೆದ್ರೊ, ಸಾಂತಾ ಕ್ರೂಸ್ ಊರುಗಳ ಹಳೆಯ ಭಾಗ ದಡ ಬಿಟ್ಟು ಮೇಲೆ ಏರಿನಲ್ಲಿದೆ. ನೀರಿನಂಚಿಗೆ ಬಂದದ್ದು ಬಹುಪಾಲು ಹೋಟೆಲುಗಳು.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ಆ ನೀರಿನಡಿಯಲ್ಲಿ ಸಮಬಾಜ್ ಎಂಬ ಹಳೆಯ ಮಾಯಾ ನೆಲೆ ಇದೆ. ಒಂದು ಕಾಲಕ್ಕೆ ದ್ವೀಪವಾಗಿತ್ತು. 1990ರ ದಶಕದಲ್ಲಿ ಮುಳುಗುಗಾರರ ಕಣ್ಣಿಗೆ ಬಿತ್ತು. ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ನಮ್ಮ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಗೆ ಹೊಸ ಕನ್ನಂಬಾಡಿಯಲ್ಲಿ ಜಾಗ ಸಿಕ್ಕಿತು. ಸಮಬಾಜ್‌ನ ಕಲ್ಲುಗಳು ಅಲ್ಲೇ ಇವೆ, ಅಲ್ಲೇ ಇರಲಿ.

ಪ್ರ: ನನ್ನಾಕೆಗೆ ಮಂಡಿನೋವು. ಗ್ವಾಟೆಮಾಲಾದ ಆಂಟಿಗುವಾ ಪಟ್ಟಣದಿಂದ ಬೆಳಿಗ್ಗೆ ಸರೋವರಕ್ಕೆ ಹೊರಟು ಸಂಜೆಗೆ ವಾಪಸಾಗುವ ಪ್ಯಾಕೇಜ್ ಇದೆಯಂತೆ. ಸಾಕಾಗುತ್ತದೆಯೇ?
— ನಿವೃತ್ತರು, ಸರಸ್ವತೀಪುರಂ, ಮೈಸೂರು

ಉ: ದಯವಿಟ್ಟು ಬೇಡಿ ಸಾರ್. ಹೋಗುತ್ತಾ ಎರಡೂವರೆ ಗಂಟೆ, ಬರುತ್ತಾ ಅಷ್ಟೇ. ದಡದ ಪಾನಾಹಾಚೆಲ್ ಊರಿಗೆ ನೀವು ತಲುಪಿ, ಕಾಫಿ ಕುಡಿದು, ದೋಣಿಕಟ್ಟೆಗೆ ಇಳಿಯುವ ಹೊತ್ತಿಗೆ ಶೊಕೊಮಿಲ್ ಎದ್ದಿರುತ್ತದೆ. ಅದು ಅಲ್ಲಿನ ಮಧ್ಯಾಹ್ನದ ಗಾಳಿ. ಪೆಸಿಫಿಕ್ ಕರಾವಳಿಯ ಬಿಸಿಗಾಳಿ ಮೇಲೆ ಬಂದು ಬೆಟ್ಟದ ತಣ್ಣನೆ ಗಾಳಿಗೆ ಸಿಕ್ಕಿ ನೀರನ್ನು ಕಡೆಯುತ್ತದೆ. ಬೆಳಿಗ್ಗೆ ಮುಖ ನೋಡಿಕೊಳ್ಳುವ ಹಾಗಿದ್ದ ನೀರು ಎರಡು ಗಂಟೆಗೆ ದೋಣಿಯನ್ನು ಎತ್ತಿ ಎತ್ತಿ ಹಾಕುತ್ತದೆ. ಲಾಂಚಾ ಅನ್ನುವ ಆ ದೋಣಿಗಳಲ್ಲಿ ಇರುವುದು ಹಲಗೆ ಸೀಟು. ಮುಂದೆ ಕೂತರೆ ಬೆನ್ನಿಗೆ ಏಟು, ಹಿಂದೆ ಕೂತರೆ ಮೈಯೆಲ್ಲ ಒದ್ದೆ. ಎದುರಿನ ಅಜ್ಜಿ ಒಂದು ಪ್ಲಾಸ್ಟಿಕ್ ಹಾಳೆಯ ತುದಿಯನ್ನು ಮಾತಿಲ್ಲದೆ ನಮ್ಮ ಯಜಮಾನರ ಕೈಗೆ ಕೊಟ್ಟರು. ಇವರು ದಡ ಮುಟ್ಟುವವರೆಗೂ ಅದನ್ನು ಹಿಡಿದುಕೊಂಡು ಕೂತಿದ್ದರು.

ಆದ್ದರಿಂದ ದಡದ ಊರುಗಳಾದ ಸಾಂತಿಯಾಗೊ ಆತಿತ್ಲಾನ್‌ನಲ್ಲೋ ಸ್ಯಾನ್ ಹುವಾನ್‌ನಲ್ಲೋ ರಾತ್ರಿ ಉಳಿಯಿರಿ. ತಿಂಡಿ ಆದ ತಕ್ಷಣ ದೋಣಿ, ಮಧ್ಯಾಹ್ನ ನೆಲದ ಮೇಲೆ. ಕಟ್ಟೆಯಿಂದ ಊರಿಗೆ ಏರು ಕಡಿದು, ಆದರೆ ಮೇಡಂ ನಡೆಯಬೇಕಿಲ್ಲ. ಆಟೋ ಇದೆ, ಅದೂ ನಮ್ಮ ಬಜಾಜ್! ನವೆಂಬರ್‌ನಿಂದ ಏಪ್ರಿಲ್ ಒಣಗಾಲ, ಆಗ ಹೋಗಿ. ರಾತ್ರಿಗೆ ಸ್ವೆಟರ್ ಬೇಕೇ ಬೇಕು.

ಪ್ರ: ಅಲ್ಲಿ ಹೆಂಗಸರು ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ನೇಯುತ್ತಾರಂತೆ, ನಿಜವೇ?
— ನೇಕಾರರ ಮನೆಯವರು, ಮೇಲುಕೋಟೆ

ಉ: ನಿಜ. ನಿಮ್ಮ ಮನೆಯ ಹಾಗೆ ಗುಂಡಿ ಮಗ್ಗವಲ್ಲ. ಹಾಸಿನ ಒಂದು ತುದಿ ಕಂಬಕ್ಕೆ ಅಥವಾ ಮರಕ್ಕೆ, ಇನ್ನೊಂದು ತುದಿ ಪಟ್ಟಿಯಲ್ಲಿ ನೇಯುವವಳ ಸೊಂಟದ ಹಿಂದೆ. ಹಿಂದಕ್ಕೆ ಒರಗಿದರೆ ಎಳೆ ಬಿಗಿ, ಮುಂದಕ್ಕೆ ಬಗ್ಗಿದರೆ ಸಡಿಲ. ಎದ್ದು ಹೋಗುವಾಗ ಇಡೀ ಮಗ್ಗವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ಸ್ಯಾನ್ ಹುವಾನ್‌ನ ಹೆಂಗಸರ ಸಹಕಾರ ಸಂಘಗಳಲ್ಲಿ ಹತ್ತಿ ನೂಲಿಗೆ ನೀಲಿ ಗಿಡ, ತೊಗಟೆ, ಸೊಪ್ಪು, ಕಳ್ಳಿಯ ಮೇಲಿನ ಕೆಂಪು ಹುಳು ಇವುಗಳಿಂದ ಬಣ್ಣ ಹಾಕುವುದನ್ನು ಎದುರಿಗೇ ತೋರಿಸುತ್ತಾರೆ. ಸಾಂತಿಯಾಗೊ ಹೆಂಗಸರು ತಲೆಗೆ ಸುತ್ತುವ ಉದ್ದನೆ ಪಟ್ಟಿ ನೋಡಬೇಕೆಂದರೆ 25 ಸೆಂಟಾವೊ ನಾಣ್ಯ ತೆಗೆದುಕೊಳ್ಳಿ, ಆ ಊರಿನ ಹೆಣ್ಣುಮಗಳ ಮುಖವೇ ಅದರ ಮೇಲಿದೆ. ಕೊಳ್ಳುವಾಗ ಚೌಕಾಸಿ ಮಾಡಬಹುದು. ಆದರೆ ನೇಯುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ನಿಮಗೆ ನಾನು ಹೇಳಬೇಕೇ?

ಪ್ರ: ಸಾಂತಿಯಾಗೊದಲ್ಲಿ ಸಿಗಾರ್ ಸೇದುವ ದೇವರಿದ್ದಾನೆಯೇ?
— ಕುತೂಹಲಿ, ಶ್ರೀರಂಗಪಟ್ಟಣ

ಉ: ಮಾಶಿಮೋನ್ ಅನ್ನುತ್ತಾರೆ. ಮರದ ಮೂರ್ತಿ, ತಲೆಗೆ ಟೋಪಿ, ಕೊರಳು ತುಂಬ ಬಣ್ಣದ ವಸ್ತ್ರ, ಬಾಯಲ್ಲಿ ಸಿಗಾರ್. ಹರಕೆಗೆ ಮದ್ಯವೂ ನಡೆಯುತ್ತದೆ. ಗುಡಿ ಇಲ್ಲ, ವರ್ಷಕ್ಕೊಬ್ಬರ ಮನೆಯಲ್ಲಿ ವಾಸ. ಆಟೋದವರನ್ನು ಕೇಳಿದರೆ ಆ ವರ್ಷದ ಮನೆಗೆ ಬಿಡುತ್ತಾರೆ. ಒಳಗೆ ಹೋಗಲು, ಫೋಟೊ ತೆಗೆಯಲು ದುಡ್ಡು ಕೊಡಬೇಕು. ಯಾರಾದರೂ ಪ್ರಾರ್ಥನೆಯಲ್ಲಿದ್ದರೆ ದುಡ್ಡು ಕೊಟ್ಟಿದ್ದರೂ ಮೊಬೈಲ್ ಚೀಲದಲ್ಲಿರಲಿ.

ಪ್ರ: ಶುದ್ಧ ಸಸ್ಯಾಹಾರಿಗಳು ಬದುಕಬಹುದೇ?
— ಮದ್ದೂರಿನ ಓದುಗಿ

ಉ: ಚೆನ್ನಾಗಿಯೇ. ಬಿಸಿ ಮುಸುಕಿನ ಜೋಳದ ರೊಟ್ಟಿ, ಕಪ್ಪು ಹುರುಳಿಕಾಯಿ ಬೀಜದ ಗೊಜ್ಜು, ಬೆಣ್ಣೆಹಣ್ಣು, ಕರಿದ ಬಾಳೆ. ಗೊಜ್ಜಿಗೂ ತಮಾಲೆ ಅನ್ನುವ ಮುಸುಕಿನ ಜೋಳದ ಕಡುಬಿಗೂ ಹಂದಿ ಕೊಬ್ಬು ಹಾಕುವುದುಂಟು, ‘ಸಿನ್ ಮಾಂತೆಕಾ’ (ಕೊಬ್ಬು ಹಾಕದೆ) ಎಂದು ಮೊದಲೇ ಹೇಳಿ. ಸರೋವರದ ನೀರು ಮಾತ್ರ ಕುಡಿಯಬೇಡಿ. ಊರುಗಳ ಚರಂಡಿ ಅದಕ್ಕೇ ಸೇರುತ್ತದೆ, 2009ರಲ್ಲಿ ಪಾಚಿಯ ಥರದ ಸೂಕ್ಷ್ಮಜೀವಿ ಬೆಳೆದು ನೀರೇ ಬಣ್ಣಗೆಟ್ಟಿತ್ತು. 2016ರಲ್ಲಿ ಸ್ಯಾನ್ ಪೆದ್ರೊ ಊರಿನವರು ಪ್ಲಾಸ್ಟಿಕ್ ಚೀಲ, ಸ್ಟ್ರಾ, ಥರ್ಮಾಕೋಲ್ ನಿಷೇಧಿಸಿದರು. ನಿಮ್ಮ ಬಟ್ಟೆ ಚೀಲ ಒಯ್ಯಿರಿ.

ಪ್ರ: ವೀಸಾ?
— ಹಲವರು

ಉ: ನೇರ ವಿಮಾನ ಇಲ್ಲ. ಅಮೆರಿಕದ ಮೇಲೆ ಹೋದರೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಗ್ವಾಟೆಮಾಲಾದ ರಾಯಭಾರ ಕಚೇರಿ ದೆಹಲಿಯಲ್ಲಿದೆ. ಟಿಕೆಟ್ ತೆಗೆಯುವ ಮೊದಲು ಅಲ್ಲಿ ವಿಚಾರಿಸಿ, ಏಜೆಂಟರ ಬಾಯಿಮಾತು ನಂಬಿಕೊಂಡು ದುಡ್ಡು ಕಟ್ಟಬೇಡಿ.