ಸುಮ್ಮನೆ ಕೂತರೆ ತಪ್ಪು ಮಾಡಿದಂಗ ಯಾಕೆ ಅನ್ನಿಸುತ್ತದೆ?

ಶಹಾಪುರದ ಮನೆಯಲ್ಲಿ ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಗೆ ಓದುತ್ತಿದ್ದೀರಿ, ಇಬ್ಬರು ಅಣ್ಣಂದಿರಿದ್ದಾರೆ, ಯಾರಿಗೂ ಏನೂ ಮಾಡಿಕೊಡದೆ ಪುಸ್ತಕ ಹಿಡಿದು ಕೂತರೆ ತಪ್ಪು ಮಾಡಿದಂತೆ ಅನ್ನಿಸುತ್ತದೆ, ಇದು ನನ್ನ ಸ್ವಭಾವವೇ ಎಂದು ಕೇಳಿದ್ದೀರಿ. ತಂಗಿ, ಹುಟ್ಟಿನಿಂದ ಬಂದ ಸ್ವಭಾವ ಇದಲ್ಲ. ನಮ್ಮನ್ನೆಲ್ಲ ಹೊಗಳಿ ಹೊಗಳಿಯೇ ಹೀಗೆ ಬೆಳೆಸಿದ್ದಾರೆ.

ನಾನು ಕಲಬುರಗಿಯಾಕಿ. ತಮ್ಮ ಪಾಸಾದರೆ "ಹುಡುಗ ಭಾಳ ಶ್ಯಾಣೆ" ಅನ್ನುತ್ತಿದ್ದರು. ಅವನಿಗಿಂತ ಹೆಚ್ಚು ಅಂಕ ತಂದ ನನ್ನ ಬಗ್ಗೆ ಬಂದ ಮಂದಿ ಮುಂದೆ ಅವ್ವ ಹೇಳುತ್ತಿದ್ದುದು, "ನಮ್ ಹುಡುಗಿ ಹೇಳೂಕಿಂತ ಮೊದಲೇ ಛಾ ಮಾಡಿ ತರ್ತಾಳ ನೋಡ್ರಿ." ಅದನ್ನು ಕೇಳಿ ಹಿಗ್ಗುತ್ತಿದ್ದೆ. ಮುಂದಿನ ಸಲ ಅವರು ಚಪ್ಪಲಿ ಬಿಡುವಷ್ಟರಲ್ಲಿ ಒಲೆ ಮೇಲೆ ನೀರಿಟ್ಟಿರುತ್ತಿದ್ದೆ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಹೊಗಳಿದವರಿಗೆ ಏನಂತ ಎದುರಾಡುವುದು?

ನಮ್ಮ ಕಡೆಯ ಊಟವನ್ನೇ ನೋಡಿ. ಎಲ್ಲರಿಗೂ ಬಿಸಿ ಜೋಳದ ರೊಟ್ಟಿಯೇ ಬೇಕು, ಹಂಗಾಗಿ ಒಬ್ಬಾಕಿ ಒಲೆ ಬಿಟ್ಟು ಏಳುವ ಹಾಗಿಲ್ಲ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿದ್ದನ್ನು ತಾಟಿಗೆ ಹಾಕುವಷ್ಟರಲ್ಲಿ "ಇನ್ನೊಂದು ತಾ" ಅಂತ ಕೂಗು. ಗಂಡಸರು ಕೈ ತೊಳೆದ ಮೇಲೆ ಅವ್ವನಿಗೂ ನಮಗೂ ಆರಿದ ರೊಟ್ಟಿ, ತಳದ ಪಲ್ಯ. ಇದಕ್ಕೆ ಹೆಣ್ಣುಮಕ್ಕಳ ಗುಣ ಅಂತ ಹೆಸರು. ಅದೇ ರೊಟ್ಟಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಡಿದು ಮಾರಿದರೆ ಮಂದಿ ಎಣಿಸಿ ದುಡ್ಡು ಕೊಡುತ್ತಾರೆ. ಮನೆಯೊಳಗಿನದೂ ಅಷ್ಟೇ ಕೆಲಸ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ನೂರಕ್ಕೆ 26 ಮಂದಿ, ಹೆಂಗಸರು 81. ಹಾಗೆ ಮಾಡುವವರಲ್ಲೂ ಹೆಂಗಸರದು ಸರಾಸರಿ 299 ನಿಮಿಷ, ಗಂಡಸರದು 97.

ಶರಣರ ನಾಡಿನಲ್ಲಿ ಹುಟ್ಟಿ ಸೇವೆಗೆ ಬೇಸರವೇ ಎಂದು ಮನೆಯಲ್ಲಿ ಯಾರಾದರೂ ಅನ್ನಬಹುದು. ನನಗೂ ಅನ್ನುತ್ತಿದ್ದರು. ದಾಸೋಹದಲ್ಲಿ ಗಂಡಸರೂ ಸೌಟು ಹಿಡಿದು ಬಡಿಸುತ್ತಾರೆ, ಅದು ಎಲ್ಲರದೂ ಆದ ಸೇವೆ. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ, ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಸುಮ್ಮನೆ ಒಲೆಗಿಡಲಿಲ್ಲ. ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಅಷ್ಟು ಗಟ್ಟಿಯಾಗಿ ಮಾತಾಡಿದ ಶರಣೆಯ ಹೆಸರು ಹೇಳಿಕೊಂಡು ಹುಡುಗಿಯರ ಬಾಯಿ ಮುಚ್ಚಿಸುವುದು ನನಗೆ ಸಹಿಸಲಾಗದು.

ನೀವು ಓದುವ ಹೊತ್ತನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ, ಆ ಹೊತ್ತಿನ ಛಾ ಅಣ್ಣಂದಿರು ಮಾಡಲಿ. ಊಟಕ್ಕೆ ಮೊದಲೇ ಬಡಿದು ಒಣಗಿಸಿಟ್ಟ ಕಟಕ ರೊಟ್ಟಿಯ ಬುಟ್ಟಿ ನಡುವೆ ಇಟ್ಟು ಅವ್ವನನ್ನೂ ಜತೆಗೆ ಕೂಡಿಸಿಕೊಳ್ಳಿ. ಬಹುಶಃ ಮೊದಲು ಸಿಟ್ಟಾಗುವವರು ಅವ್ವನೇ, ಆಕೆಯ ಇಷ್ಟು ವರ್ಷದ ಹೆಸರೆಲ್ಲ ಎಲ್ಲರಿಗೂ ಮಾಡಿ ಬಡಿಸಿಯೇ ಬಂದದ್ದು. ಆಕೆಯ ಜತೆ ಜಗಳಕ್ಕಿಳಿಯಬೇಡಿ. ಕೂತಲ್ಲಿ ಕಸಿವಿಸಿ ಆಗುವುದು ಒಮ್ಮೆಲೇ ಹೋಗುವುದಿಲ್ಲ, ಆದರೂ ಪುಸ್ತಕ ಮುಚ್ಚಿ ಏಳಬೇಡಿ.